ಮೌಶಿಯ ಪಾಪಕ್ಕೆ ನನ್ನ ಪ್ರಾಯಶ್ಚಿತ್ತ

ಮೊನ್ನೆ ಶುಕ್ರವಾರ ಮೂಡುಬಿದಿರೆಯ ನಮ್ಮ ಪಕ್ಕದ ಮನೆಯಿಂದ ಕೋಳಿ ಸಾರಿನ ಪರಿಮಳ ಬಂತು. ಅದು ತಪಸ್ಸುಕಾಲ, ನಮ್ಮ ವ್ರತದ ದಿನಗಳು. ಈಸ್ಟರ್‌ವರೆಗಿನ ಶುಕ್ರವಾರಗಳಲ್ಲಿ ನಾವು ಕ್ರೈಸ್ತರು ಮಾಂಸ ಮುಟ್ಟುವುದಿಲ್ಲ. ಹೊಸದಾಗಿ ಬಂದ ಆ ಮನೆಯವರ ಗೋಡೆಯಲ್ಲೂ ಶಿಲುಬೆ ಇರುವುದನ್ನು ನಾನು ಕಿಟಕಿಯಿಂದಲೇ ನೋಡಿಟ್ಟುಕೊಂಡಿದ್ದೆ. ಪರರ ಪಾಪ ಪತ್ತೆಹಚ್ಚುವುದರಲ್ಲಿ ನನ್ನ ಮೂಗು ಅಂದಿಗೂ ಇಂದಿಗೂ ಚುರುಕು. ನಿಮ್ಮದೂ ಹಾಗೆಯೇ ಇರಬಹುದು, ಒಪ್ಪಿಕೊಳ್ಳಬೇಕೆಂದಿಲ್ಲ.

ಅಂದು ಎಂದರೆ, ಅಳದಂಗಡಿಯಲ್ಲಿ ಅಮ್ಮನ ತಂಗಿ ಲಿಲ್ಲಿ ಮೌಶಿಯ ಮನೆಯಲ್ಲಿದ್ದ ಕಾಲ. ನನಗೆ ಆಗಷ್ಟೇ ಮೇಷ್ಟ್ರ ಕೆಲಸ ಸಿಕ್ಕಿತ್ತು, ಜೊತೆಗೆ ಭಕ್ತಿಯೂ ಹತ್ತಿತ್ತು. ಮೌಶಿ ಚರ್ಚಿನಲ್ಲಿ ಮಕ್ಕಳಿಗೆ ಹತ್ತು ಕಟ್ಟಳೆ ಬಾಯಿಪಾಠ ಮಾಡಿಸುವವಳು. ಅಂಥವಳು ತಪಸ್ಸುಕಾಲದ ಒಂದು ಶುಕ್ರವಾರ ತನ್ನ ಮುದ್ದಿನ ಹುಂಜವನ್ನೇ ಕೊಯ್ದು ಸಾರು ಮಾಡಿ, ಪಾತ್ರೆ ಹಿಡಿದು ಪಕ್ಕದ ಕಮಲಕ್ಕನ ಮನೆಗೆ ನಡೆದಳು. ಕಮಲಕ್ಕ ಒಂಟಿ ಹೆಂಗಸು. ಜ್ವರ ಬಿಟ್ಟರೂ ಎಂಟು ದಿನದಿಂದ ಅನ್ನ ಸೇರುತ್ತಿರಲಿಲ್ಲ. "ಕೋಳಿ ಸಾರಾದ್ರೆ ಎರಡು ತುತ್ತು ಇಳೀತದೋ ಏನೋ" ಎಂದಿದ್ದರಂತೆ. ನಾನು ಹಿಂದೆಯೇ ಹೋಗಿ ಜಗಲಿಯಲ್ಲಿ ನಿಂತೆ.

"ನೀವು ಉಣ್ಣದೆ ನನಗೂ ಬೇಡ ಲಿಲ್ಲಿ ಬಾಯಮ್ಮ," ಕಮಲಕ್ಕ ಮುಖ ತಿರುಗಿಸಿದರು.

ಮೌಶಿ ಗೋಡೆ ನೋಡಿದಳು, ಮಾಡಿನ ಹಂಚು ನೋಡಿದಳು. "ಇನ್ನೊಂದು ಬಟ್ಟಲು ಎಲ್ಲುಂಟು ಮಾರಾಯ್ತಿ?" ಎಂದು ಕುಳಿತು ಉಂಡೇಬಿಟ್ಟಳು. ಕಾಲಿನ ತುಂಡು ಸಹಿತ! ಎದುರಿಗೆ ಕಮಲಕ್ಕನ ಬಟ್ಟಲು ಎರಡು ಸಲ ಖಾಲಿಯಾಯಿತು.

ಭಾನುವಾರ ಪೂಜೆ ಮುಗಿದದ್ದೇ ನಾನು ನಮ್ಮ ಮುದುಕ ಫಾದರನ್ನು ಹಿಡಿದೆ. "ಫಾದರ್, ಒಂದು ಪಾಪ ಹೇಳ್ಲಿಕ್ಕುಂಟು. ನನ್ನದಲ್ಲ."

ಕಾಲಿನ ತುಂಡನ್ನೂ ಬಿಡದೆ ವರದಿ ಒಪ್ಪಿಸಿದೆ.

"ಕಮಲಕ್ಕ ಎಂಟು ದಿನ ಉಣ್ಲಿಲ್ಲ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಫಾದರ್."

"ಹೋಗಿ ನೋಡಿದ್ದೀಯಾ?"

"ಶುಕ್ರವಾರ ಹೋಗಿದ್ದೆನಲ್ಲ."

"ಅದು ಕೋಳಿ ನೋಡ್ಲಿಕ್ಕೆ."

ಹೊಟ್ಟೆ ಕುಣಿಯುವಂತೆ ನಕ್ಕರು. ಆಮೇಲೆ, "ಯೇಸು ಹೇಳಿದ್ದು ಪ್ರೀತಿಸ್ಲಿಕ್ಕೆ ಮಾರಾಯ, ಪಹರೆ ಕಾಯ್ಲಿಕ್ಕೆ ಅಲ್ಲ. ಆ ಪಾಪ ಲಿಲ್ಲಿಯದ್ದೇ ಇರ್ಲಿ, ಪ್ರಾಯಶ್ಚಿತ್ತ ನೀನು ಮಾಡು. ಕಮಲಕ್ಕ ಎದ್ದು ಓಡಾಡುವವರೆಗೆ ಅವರಿಗೆ ಬಾವಿಯಿಂದ ನೀರು ಸೇದಿ ಕೊಡು" ಎಂದರು.

ಹದಿನೇಳು ದಿನ ಸೇದಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮೊದಮೊದಲು ಮೌಶಿಯನ್ನೂ ಅವಳ ಹುಂಜವನ್ನೂ ಬೈದುಕೊಂಡು, ಬರಬರುತ್ತಾ ಕಮಲಕ್ಕ ಒಳಗಿನಿಂದ ಹೇಳುತ್ತಿದ್ದ ತಮಾಷೆಗೆ ಕಿವಿಗೊಟ್ಟು. ಅವರು ತಾವೇ ಬಾವಿಕಟ್ಟೆಗೆ ಬಂದ ಮರುದಿನವೂ ಯಾರೂ ಹೇಳದೆ ಹೋದೆ.

ಇಷ್ಟು ನೆನಪಾದ ಮೇಲೆ ಮೊನ್ನೆ ಕಿಟಕಿಯ ಬಳಿ ನಿಂತಿರಲು ನಾಚಿಕೆಯಾಯಿತು. ಎರಡು ತಿಂಗಳಾದರೂ ಆ ಮನೆಯವರ ಹೆಸರೇ ನನಗೆ ಗೊತ್ತಿರಲಿಲ್ಲ. ಹೋಗಿ ಬಾಗಿಲು ತಟ್ಟಿದೆ. ಸೊಂಟದಲ್ಲಿ ಕೂಸು, ಕಣ್ಣಲ್ಲಿ ನಿದ್ದೆ ಹೊತ್ತ ಹುಡುಗಿಯೊಬ್ಬಳು ಬಾಗಿಲು ತೆರೆದಳು.

"ಏನಾದ್ರೂ ಬೇಕಿತ್ತಾ ಅಂಕಲ್?"

"ಇಲ್ಲಮ್ಮ. ನಿಮಗೆ ಏನಾದ್ರೂ ಬೇಕಾ ಅಂತ ಕೇಳುವ ಅಂತ ಬಂದೆ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಮತ್ತೆ ಕೂಸನ್ನು ನನ್ನ ಕೈಗಿಟ್ಟು, "ಹತ್ತು ನಿಮಿಷ ಹಿಡ್ಕೊಳ್ತೀರಾ? ನಿನ್ನೆಯಿಂದ ಸ್ನಾನ ಆಗ್ಲಿಲ್ಲ" ಎಂದಳು.