ಹಂದಿಗಳಿಗೂ ಎಳ್ಳುಬೆಲ್ಲ

ಹಣೆಗೆ ಕಾಸಿನಗಲ ಕುಂಕುಮ, ಮುಡಿಯಲ್ಲಿ ಕನಕಾಂಬರ, ಕಾಲಿಗೆ ಮೊಣಕಾಲುದ್ದದ ಗಂಬೂಟು. ಸುಶೀಲಾ ಮೇಡಂ ಎಂದರೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟುವುದು ಈ ರೂಪವೇ. ರಾಜಾಜಿನಗರದಿಂದ ಬಸ್ಸಿನಲ್ಲಿ ಬಂದಿಳಿಯುವಾಗ ಯಾರೋ ಮದುವೆಗೆ ಹೊರಟ ಗೃಹಿಣಿಯ ಹಾಗೆ ಇರುತ್ತಿದ್ದರು. ಸೀರೆಯ ನೆರಿಗೆ ಎತ್ತಿ ಕಟ್ಟಿ ಬೂಟು ಹಾಕಿಕೊಂಡರೆಂದರೆ ಹಂದಿಗಳ ಯಜಮಾನಿ. ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯ ಸೊಸೆಗೆ ಇಂಥ ಕೆಲಸ ಎಲ್ಲಿಂದ ಗಂಟು ಬಿತ್ತೋ ದೇವರೇ ಬಲ್ಲ.

ಎಪ್ಪತ್ತರ ದಶಕದ ಮಾತು. ಮಾಗಡಿ ರಸ್ತೆಯಿಂದಾಚೆ, ಹೇರೋಹಳ್ಳಿಗೆ ಹೋಗುವ ದಾರಿಯಲ್ಲಿ, ಪಶು ಆಹಾರ ತಯಾರಿಸುವ ಒಂದು ಖಾಸಗಿ ಕಂಪನಿಯ ಪ್ರಯೋಗಾಲಯವಿತ್ತು. ಓದು ಮುಗಿಸಿ ನಾನು ಸೇರಿದ ಮೊದಲ ಕೆಲಸ ಅಲ್ಲಿಯೇ, ಮೇಡಂ ಅವರ ಕೈಕೆಳಗೆ. ಹಂದಿಯ ಆಹಾರಕ್ಕೆ ಎಣ್ಣೆಯನ್ನೋ ಕೊಬ್ಬನ್ನೋ ಬೆರೆಸಿದರೆ ಅದರಲ್ಲಿ ಎಷ್ಟು ಶಕ್ತಿ ಪ್ರಾಣಿಗೆ ದಕ್ಕುತ್ತದೆ ಎಂದು ಅಳೆಯುವುದು ನಮ್ಮ ಕೆಲಸ. ಒಂದೊಂದು ಹಂದಿಗೂ ಒಂದೊಂದು ಕಟಕಟೆ, ಅದರ ಕೆಳಗೆ ತಟ್ಟೆ. ತಿಂದದ್ದನ್ನು ತೂಗಬೇಕು, ಆಚೆ ಬಂದದ್ದನ್ನೂ ತೂಗಬೇಕು. ಆಚೆ ಬಂದದ್ದಕ್ಕೆ ಮರ್ಯಾದೆಗೆಂದು ಸ್ಯಾಂಪಲ್ ಎನ್ನುತ್ತಿದ್ದೆವು. ಅದನ್ನು ಒಣಗಿಸಿ, ಪುಡಿ ಮಾಡಿ, ಒಂದು ಚಿಟಿಕೆಯನ್ನು ಉಕ್ಕಿನ ಗಟ್ಟಿ ಡಬ್ಬಿಯೊಳಗೆ ಸುಟ್ಟು, ಸುತ್ತಲಿನ ನೀರು ಎಷ್ಟು ಬಿಸಿಯಾಯಿತೆಂದು ನೋಡಿದರೆ ಹಂದಿಗೆ ದಕ್ಕದೆ ಹೋದ ಶಕ್ತಿ ಎಷ್ಟೆಂದು ತಿಳಿಯುತ್ತಿತ್ತು.

“ತಿಂದದ್ದಲ್ಲ ಕಣೇ, ಮೈಗೆ ಹತ್ತಿದ್ದು ಲೆಕ್ಕ” ಎನ್ನುತ್ತಿದ್ದರು. ಮಧ್ಯಾಹ್ನ ನನ್ನ ಊಟದ ಡಬ್ಬಿಯನ್ನೂ ನನ್ನ ಕಡ್ಡಿಯಂಥ ತೋಳನ್ನೂ ಒಟ್ಟಿಗೆ ನೋಡಿದಾಗಲೂ ಇದೇ ಮಾತು. ಕಟಕಟೆಯಾಚೆ ನಾಲ್ಕು ಕಾಳು ಚೆಲ್ಲಿದರೆ ಆ ಗಂಬೂಟಿನಲ್ಲೇ ಮಂಡಿಯೂರಿ ಆರಿಸಿ ತೂಕಕ್ಕೆ ಹಾಕುತ್ತಿದ್ದರು. ನಾನೊಮ್ಮೆ ಬಾಯಿ ತಪ್ಪಿ “ಅಂದಾಜಿಗೆ ಇಷ್ಟಿರಬಹುದು” ಎಂದಾಗ ಕನ್ನಡಕದ ಮೇಲಿಂದ ನೋಡಿದ ನೋಟ ಮರೆತಿಲ್ಲ.

“ಅಂದಾಜನ್ನ ಅಡುಗೆಮನೇಲಿ ಇಟ್ಕೊ. ಇಲ್ಲಿಗೆ ತರಬೇಡ.”

ಅವರ ಅಡುಗೆಮನೆಯ ಕಥೆಯೇ ಬೇರೆ. ಸಂಜೆ ಮನೆಗೆ ಹೋದರೆ ಮೊದಲು ಹಿತ್ತಲ ಬಚ್ಚಲಲ್ಲಿ ತಲೆಗೆ ಸ್ನಾನ. ಅದಾದ ಮೇಲೂ ಅತ್ತೆ ವೆಂಕಮ್ಮನವರು ಕಾಫಿ ಲೋಟವನ್ನು ಕೈಗೆ ಕೊಡುತ್ತಿರಲಿಲ್ಲ. ಹಿತ್ತಲ ಮೆಟ್ಟಿಲ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಮೇಡಂ ಅದನ್ನು ನಗುನಗುತ್ತಲೇ ಹೇಳುತ್ತಿದ್ದರು. ಒಂದು ದಿನ ಮಾತ್ರ ದನಿ ಇಳಿದಿತ್ತು.

“ಬೈದಿದ್ರೆ ಚೆನ್ನಾಗಿರ್ತಿತ್ತು ಕಣೇ. ಕೆಲಸ ಬಿಡು ಅಂತಾನೂ ಅನ್ಲಿಲ್ಲ, ಅಲ್ಲಿ ಏನ್ ಮಾಡ್ತೀಯಾ ಅಂತಾನೂ ಒಂದು ದಿನ ಕೇಳ್ಲಿಲ್ಲ.”

ಆ ವರ್ಷ ಅಕ್ಕಿ ತೌಡಿನ ಎಣ್ಣೆಯ ಪ್ರಯೋಗ ನಡೆದಿತ್ತು. ಮೇಡಂಗೆ ಅದರ ಮೇಲೆ ಪ್ರಾಣ. ನಮ್ಮ ಗಿರಣಿಗಳಲ್ಲಿ ಸಿಗುವ ಎಣ್ಣೆಗೆ ಪರದೇಶದ ಪುಸ್ತಕದ ಲೆಕ್ಕ ಹೊಂದುವುದಿಲ್ಲ, ನಮ್ಮ ಹಂದಿಯನ್ನೇ ಕೇಳಬೇಕು ಎನ್ನುವುದು ಅವರ ಹಟ. ಕಂಪನಿಯ ಯಜಮಾನರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಈ ಸಲ ಫಲಿತಾಂಶ ಕೈಗೆ ಬಾರದಿದ್ದರೆ ಹಂದಿಗಳನ್ನು ಮಾರಿ ಶೆಡ್ಡು ಮುಚ್ಚುವುದಾಗಿ ಹೇಳಿಬಿಟ್ಟಿದ್ದರು. ಸ್ಯಾಂಪಲ್ ಹಿಡಿಯುವ ವಾರದ ನಡುವೆಯೇ ಸಂಕ್ರಾಂತಿ ಬಂತು. ಮೇಡಂ ಪೂಜೆಗೂ ನಿಲ್ಲದೆ ಕೆಲಸಕ್ಕೆ ಬಂದಿದ್ದರು.

ಮಧ್ಯಾಹ್ನ ನಾವಿಬ್ಬರೂ ಪ್ರಯೋಗಾಲಯದಿಂದ ಶೆಡ್ಡಿಗೆ ಹೋದರೆ, ಅಲ್ಲಿ ಮಡಿಸೀರೆಯ ಒಬ್ಬ ಮುದುಕಿ ಕಟಕಟೆಗಳ ಮುಂದೆ ನಿಂತಿದ್ದಾರೆ. ಕೈಯಲ್ಲಿ ಬಟ್ಟೆಯ ಚೀಲ. ಮೇಡಂ ಬಾಗಿಲಲ್ಲೇ ನಿಂತರು.

“ಅತ್ತೆ, ನೀವಿಲ್ಲಿ?”

“ಹಬ್ಬದ ದಿನ ಒಂದು ಕಾಳು ಎಳ್ಳು ಬಾಯಿಗೆ ಹಾಕ್ಕೊಳ್ದೆ ಬಂದ್ಬಿಟ್ಯಲ್ಲೇ. ಮನಸ್ಸು ತಡೀಲಿಲ್ಲ, ಆಟೋ ಮಾಡ್ಕೊಂಡು ಬಂದೆ. ಗೇಟಿನವನು ಇಲ್ಲಿಗೆ ಕಳಿಸ್ದ.” ವೆಂಕಮ್ಮನವರು ಹಂದಿಗಳ ಕಡೆ ತಿರುಗಿದರು. “ಪಾಪ, ಬಾಯಿಲ್ಲದ ಜೀವಗಳು, ಹೆಂಗೆ ನೋಡ್ತಾ ಇದ್ವು ಗೊತ್ತಾ? ಇವಕ್ಕೂ ಹಾಕ್ದೆ. ಮುಟ್ಟಲಿಲ್ಲ, ಮೇಲಿಂದಾನೇ ಹಾಕ್ದೆ. ಎಲ್ಲಕ್ಕೂ ಸಮವಾಗಿ ಹಾಕಿದೀನಿ, ಒಂದಕ್ಕೂ ಕಡಿಮೆ ಮಾಡಿಲ್ಲ.”

ನಮ್ಮ ಲೆಕ್ಕವೆಲ್ಲ ಅಲ್ಲಿಗೆ ಕೆಟ್ಟಿತ್ತು. ಎಳ್ಳು, ಕಡಲೆಬೀಜ, ಕೊಬ್ಬರಿ: ಮೂರರಲ್ಲೂ ಎಣ್ಣೆಯೇ ಎಣ್ಣೆ. ಒಂದೆರಡು ಹಂದಿ ತಿಂದಿದ್ದರೆ ಅವನ್ನು ಲೆಕ್ಕದಿಂದ ಕೈಬಿಡಬಹುದಿತ್ತು. ಆ ಪುಣ್ಯಾತ್ಗಿತ್ತಿ ಒಂದನ್ನೂ ಬಿಟ್ಟಿರಲಿಲ್ಲ. ಮೇಡಂ ಕಟಕಟೆಗಳನ್ನು ಒಂದು ಸಲ ನೋಡಿದರು, ಅತ್ತೆಯ ಮುಖವನ್ನು ಒಂದು ಸಲ ನೋಡಿದರು.

“ತಿಂದ್ವಾ ಅತ್ತೆ?”

“ಒಂದು ಕಾಳೂ ಬಿಡದೆ ನೆಕ್ಕಿಬಿಟ್ವು ಕಣೇ! ಇವಕ್ಕೆ ನೀನು ಏನ್ ಮಾಡ್ತೀಯಾ ದಿನಾ?”

ಮೇಡಂ ಗಂಬೂಟಿನಲ್ಲೇ ಅತ್ತೆಯನ್ನು ಕರೆದುಕೊಂಡು ಹೋಗಿ ತಕ್ಕಡಿ, ಒಲೆ, ಉಕ್ಕಿನ ಡಬ್ಬಿ ಎಲ್ಲ ತೋರಿಸಿದರು. ಅಷ್ಟು ಸಾವಧಾನವಾಗಿ ಅವರು ನನಗೂ ಪಾಠ ಹೇಳಿದವರಲ್ಲ.

ಅತ್ತೆಯನ್ನು ಆಟೋ ಹತ್ತಿಸಿ ಬಂದ ಮೇಲೆ ನಾನು ಗೋಗರೆದೆ. “ಒಂದೊಂದು ಹಿಡಿ ತಾನೇ ಮೇಡಂ, ಯಾರಿಗೆ ಗೊತ್ತಾಗತ್ತೆ? ಬಿಟ್ಬಿಡೋಣ.”

“ಹಂದಿಗೆ ಗೊತ್ತಲ್ಲೇ” ಎಂದು ಆ ವಾರದ ಸ್ಯಾಂಪಲ್ಲನ್ನೆಲ್ಲ ತಾವೇ ಗುಂಡಿಗೆ ಸುರಿದು ಬಂದರು. ಯಜಮಾನರ ಮುಂದೆ ತಪ್ಪು ತಮ್ಮದೇ ಎಂದರು, ಅತ್ತೆಯ ಹೆಸರು ಎತ್ತಲಿಲ್ಲ. ಶೆಡ್ಡು ಮುಚ್ಚಿತು. ಹಂದಿಗಳು ಲಾರಿ ಹತ್ತಿದವು. ಯಜಮಾನರು ಮೇಡಂ ಅವರನ್ನು ಕೋಳಿ ಆಹಾರದ ವಿಭಾಗಕ್ಕೆ ಹಾಕಿದರು. ಆ ದಿನಗಳಲ್ಲಿ ಅವರ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು. ಹಬ್ಬದ ಮಾರನೆಯ ದಿನ ಅವರು ನನಗೆ ಹೇಳಿದ್ದು ಮಾತ್ರ ಇಷ್ಟೇ: “ನಿನ್ನೆ ಕಾಫಿ ಕೈಗೇ ಕೊಟ್ರು ಕಣೇ.”

ನಾನು ಅವರನ್ನು ಕೊನೆಯ ಸಲ ನೋಡಿದ್ದೂ ಒಂದು ಸಂಕ್ರಾಂತಿಗೇ. ವೆಂಕಮ್ಮನವರು ಹೋಗಿ ಎಷ್ಟೋ ವರ್ಷವಾಗಿತ್ತು. ಮೇಡಂ ಹಾಸಿಗೆ ಹಿಡಿದಿದ್ದರು, ಅದೇ ತಿಂಗಳು ಹೋಗಿಯೂಬಿಟ್ಟರು. ನಾನು ಒಯ್ದ ಎಳ್ಳಿನಲ್ಲಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಆ ತೌಡಿನ ಎಣ್ಣೆಯ ಲೆಕ್ಕ ಸಿಗಲೇ ಇಲ್ಲವಲ್ಲ, ಬೇಜಾರಿಲ್ಲವೇ ಎಂದು ಕೇಳಿದೆ.

“ಬೇಜಾರಿಲ್ದೆ ಏನು? ಈಗಲೂ ಇದೆ. ಆದ್ರೆ ಅತ್ತೆಗೆ ಹೇಳ್ಲಿಲ್ಲ ಕಣೇ. ಇರೋವರೆಗೂ ಪ್ರತಿ ಹಬ್ಬಕ್ಕೂ ಕೇಳೋರು, ನಿನ್ನ ಹಂದಿಗಳು ಹೆಂಗಿವೆಯೇ ಅಂತ. ಚೆನ್ನಾಗಿವೆ ಅತ್ತೆ, ದಪ್ಪ ಆಗಿವೆ ಅಂತಿದ್ದೆ. ಎಷ್ಟು ದಪ್ಪ ಅನ್ನೋರು.”

“ನೀವೇನು ಹೇಳ್ತಿದ್ರಿ?”

“ಅಂದಾಜಿಗೆ ಇಷ್ಟು ಅಂತಿದ್ದೆ” ಎಂದು ಮೇಡಂ ದಿಂಬಿಗೆ ಒರಗಿಕೊಂಡೇ, ಎರಡೂ ಕೈಗಳನ್ನು ಆದಷ್ಟೂ ಅಗಲ ಮಾಡಿ ತೋರಿಸಿದರು.