ಕೆಂಪು ಚಿಂದಿ ಕಟ್ಟಿದ ತೆನೆಗಳು

ನಾನು ಸಿಟ್ಟಿನ ಮನುಷ್ಯ, ಒಪ್ಪಿಕೊಳ್ಳುತ್ತೇನೆ. ಆದರೆ ಯಾರಾದರೂ ‘ನಿಮ್ಮದು ಎಷ್ಟು ಸಾದಾ ಜೀವನ’ ಎಂದಾಗ ಬರುವ ಸಿಟ್ಟೇ ಬೇರೆ. ಸೋಲಾಪುರದ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಚಪಳಗಾಂವದ ಹೊಲಕ್ಕೆ ಬಂದು ಮೂರು ವರ್ಷವಾಯಿತು. ಉಪ್ಪು, ಚಹಾಪುಡಿ ಬಿಟ್ಟು ಪ್ಯಾಟಿಯಿಂದ ಏನೂ ತರುವುದಿಲ್ಲವೆಂದು ಶಪಥ ಮಾಡಿದೆ. ಶಪಥ ನನ್ನದು; ಕೇರುವುದು, ಬೀಸುವುದು, ರೊಟ್ಟಿ ಬಡಿಯುವುದು ಹೆಂಡತಿ ಶಾಂತಾಳದು.

ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ ಕಾಲ ಬಂತೆಂದರೆ ಹಳೆಯ ವ್ಯಾಪಾರಿ ಗೆಳೆಯರು ಭಾನುವಾರ ಭಾನುವಾರ ಕಾರು ತುಂಬ ಬರುತ್ತಾರೆ. ನಮ್ಮ ಬಾವಿಯ ಎದುರೇ ಕೂತು ಬಾಟಲಿ ನೀರು ಕುಡಿಯುತ್ತಾರೆ. ಕುಡಗೋಲು ತಿರುವುಮುರುವು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಸಲ ಒಬ್ಬ, ಶಾಂತಾ ಮೂರನೇ ಸಲ ಶೇಂಗಾ ಚಟ್ನಿ ಬಡಿಸುತ್ತಿರುವಾಗ, ‘ಕೆಲಸಿಲ್ಲ, ಧಂದೆ ಇಲ್ಲ, ಖರೇ ಸುಖ ನಿಮ್ದ’ ಎಂದ. ಅವಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಅವರು ಹೋದ ಮೇಲೆ ಹೊಲಕ್ಕೆ ಹೋದ ಶಾಂತಾ ಬದುವಿನ ಮೇಲೆ ಕೂತುಬಿಟ್ಟಳು. ಅವಳು ಭಂಡಾರಕವಠೆಯ ತವರಿನಿಂದ ತಂದ ಸಿಹಿ ಜೋಳ ನಾಲ್ಕೇ ಸಾಲು ಇತ್ತು. ತವರಿನಲ್ಲಿ ಈಗ ಬರೇ ಕಬ್ಬು. ಅವಳ ಅವ್ವ ಬಿತ್ತುತ್ತಿದ್ದ ಆ ಜೋಳ ಅಲ್ಲಿ ಉಳಿದಿಲ್ಲ. ಬೀಜಕ್ಕೆಂದು ಆರಿಸಿ, ಹಳೇ ಸೀರೆಯ ಕೆಂಪು ಚಿಂದಿ ಕಟ್ಟಿ ಬಿಟ್ಟಿದ್ದ ತೆನೆಗಳೂ ಮಾಯವಾಗಿದ್ದವು.

ಅತಿಥಿಗಳನ್ನು ಒಬ್ಬೊಬ್ಬರನ್ನಾಗಿ ಝಾಡಿಸಬೇಕೆಂದು ಫೋನು ಕೈಗೆತ್ತಿಕೊಂಡೆ.

‘ಅವ್ರಿಗ್ಯಾಕ ಬೈತೀರಿ?’ ಎಂದಳು ಶಾಂತಾ. ‘ಮುರಿದಾವ್ರು ಯಾರು?’

ಮುರಿದವನು ನಾನು. ಉಳಿದ ತೆನೆಗಳೆಲ್ಲ ಹಿಂದಿನ ಭಾನುವಾರಗಳಲ್ಲೇ ಮುಗಿದಿದ್ದವು. ಚಿಂದಿ ದೃಷ್ಟಿ ತಾಗದಿರಲೆಂದು ಕಟ್ಟಿದ್ದು ಎಂದುಕೊಂಡು, ಗೆಳೆಯರ ಮುಂದೆ ದೊಡ್ಡಸ್ತಿಕೆ ತೋರಿಸಲು ಅವನ್ನೇ ಕೆಂಡಕ್ಕೆ ಹಾಕಿಸಿದ್ದೆ. ಹೊಲದಲ್ಲಿ ಮೂರು ವರ್ಷ ಕಳೆದವನಿಗೆ ಬೀಜದ ತೆನೆಯ ಗುರುತು ತಿಳಿಯಲಿಲ್ಲ. ನಾಚಿಕೆಯಾಯಿತು. ಅಕ್ಕಲಕೋಟೆಯಿಂದ ಒಳ್ಳೆ ಬೀಜದ ಪ್ಯಾಕೆಟ್ ತರುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಅವಳು ಪಕ್ಕದ ಹೊಲದ ಕಾಶೀಬಾಯಿಯ ಮನೆಗೆ ಹೋಗಿ, ಉಡಿಯಲ್ಲಿ ಜೋಳ ಕಟ್ಟಿಕೊಂಡು ಬಂದಳು. ಅದೇ ಜೋಳ. ಹೋದ ವರ್ಷ ಕಾಶೀಬಾಯಿಗೆ ಬೀಜ ಕೊಟ್ಟವಳು ಇವಳೇ. ನಮ್ಮದನ್ನು ಊರಿಗೆಲ್ಲ ಯಾಕೆ ಹಂಚುತ್ತೀ ಎಂದು ಆಗ ಗೊಣಗಿದವನು ನಾನು.

ಜೋಳವನ್ನು ಮೊರಕ್ಕೆ ಸುರಿಯುತ್ತ ಶಾಂತಾ ಹೇಳಿದಳು: ‘ಬೀಜ ಒಂದ ಮನ್ಯಾಗ ಇಟ್ರ ಉಳಿಯೂದಿಲ್ರಿ. ಆ ಮನ್ಯಾಗ ನಿಮ್ಮಂಥಾವ್ರು ಇರ್ತಾರ.’