ಅಡ್ಡಿಲ್ಲ ಎಂದರೆ ಎಷ್ಟು

ನರ್ಸಿಂಗ್ ಶಾಲೆಯ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಶಿಲ್ಪಶ್ರೀ ಫೇಲಾದದ್ದು ಒಂದು ಸೊನ್ನೆಯಿಂದ. ಆ ಸೊನ್ನೆಯನ್ನು ಬರೆದವಳು ಅವಳೇ.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ, ಸೊಂಟದ ಮೂಳೆಗೆ ಕಂಬಿ ಹಾಕಿಸಿಕೊಂಡು ಮಲಗಿದ್ದ ಅಜ್ಜಿಯೊಬ್ಬರ ನೋವನ್ನು ಅಳೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅಳೆಯುವ ಕ್ರಮ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ ನೋವು, ರೋಗಿ ಹೇಳಿದ ಸಂಖ್ಯೆಯನ್ನು ಚೌಕದೊಳಗೆ ಬರೆಯಬೇಕು. ಅಜ್ಜಿ ಸಂಖ್ಯೆ ಹೇಳಲಿಲ್ಲ. ಅಡ್ಡಿಲ್ಲ ಎಂದರು. ಮೂರು ಸಲ ಕೇಳಿದರೂ ಅಡ್ಡಿಲ್ಲ. ರೋಗಿ ಹೇಳಿದ್ದೇ ನೋವು, ನರ್ಸ್ ಊಹಿಸಿದ್ದಲ್ಲ ಎಂಬ ಸಾಲನ್ನು ಶಿಲ್ಪಶ್ರೀ ಬಾಯಿಪಾಠ ಮಾಡಿದ್ದಳು. ಅಡ್ಡಿಲ್ಲ ಅಂದರೆ ತೊಂದರೆ ಇಲ್ಲ. ತೊಂದರೆ ಇಲ್ಲದ ಮೇಲೆ ಸೊನ್ನೆ. ಬರೆದಳು. ಪರೀಕ್ಷಕರು ಬಂದು ಅಜ್ಜಿಯ ಕಾಲನ್ನು ಎರಡು ಬೆರಳಿನಷ್ಟು ಸರಿಸಿದರು. ಅಜ್ಜಿ ಅವರ ಕೈಯನ್ನು ಹಿಡಿದುಕೊಂಡವರು ಬಿಡಲೇ ಇಲ್ಲ.

ಆಯಾ ಆಗಿದ್ದಾಗ ಅವಳು ಈ ತಪ್ಪು ಮಾಡುತ್ತಿರಲಿಲ್ಲ. ಅವಳನ್ನು ಗೊಂದಲಕ್ಕೆ ತಳ್ಳಿದ್ದು ಅದೇ.

ಶಿಲ್ಪಶ್ರೀ ಕಾರ್ಗಲ್ಲಿನವಳು. ತಂದೆ ಕನ್ನಪ್ಪ ವಿದ್ಯುತ್ ಯೋಜನೆಯ ಕಾಲೊನಿಯಲ್ಲಿ ಹುಲ್ಲು ಕತ್ತರಿಸುವ, ಚರಂಡಿ ಬಿಡಿಸುವ ಕೆಲಸದಲ್ಲಿದ್ದವರು. ಪಿಯುಸಿ ಮುಗಿಸಿ ಮೂರು ವರ್ಷ ಮನೆಯಲ್ಲೇ ಇದ್ದ ಮಗಳು ಸಾಗರದ ಒಂದು ನರ್ಸಿಂಗ್ ಹೋಮಿನಲ್ಲಿ ನೀಲಿ ಸೀರೆ ಉಟ್ಟು ಆಯಾ ಆದಳು. ಹನ್ನೊಂದು ವರ್ಷ ನೆಲ ಒರೆಸಿದಳು, ಬೆಡ್‌ಪ್ಯಾನ್ ತೊಳೆದಳು, ಬಾಣಂತಿಯರ ಬೆನ್ನಿಗೆ ಬಿಸಿನೀರು ಹೊಯ್ದಳು. ಯಾವ ಹಾಸಿಗೆಯವರಿಗೆ ನಿದ್ದೆ ಬಂದಿಲ್ಲ, ಯಾರು ಊಟ ಮಾಡಿದಂತೆ ನಟಿಸಿ ತಟ್ಟೆಯನ್ನು ಕೆಳಗೆ ತಳ್ಳಿದ್ದಾರೆ ಎಂಬುದು ಅವಳಿಗೆ ಸಿಸ್ಟರುಗಳಿಗಿಂತ ಮೊದಲು ಗೊತ್ತಾಗುತ್ತಿತ್ತು. ಅಲ್ಲಿನ ಹಿರಿಯ ಸಿಸ್ಟರ್ ವರದಮ್ಮ, ಇಷ್ಟು ತಿಳಿದವಳು ಪೊರಕೆ ಹಿಡಿದುಕೊಂಡು ಮುದುಕಿಯಾಗಬೇಡ ಎಂದು ಬೈದು ಬೈದು ಅವಳನ್ನು ತೀರ್ಥಹಳ್ಳಿಯ ನರ್ಸಿಂಗ್ ಶಾಲೆಗೆ ಹಾಕಿದರು. ಆಗ ಅವಳಿಗೆ ಮೂವತ್ತೆರಡು. ತರಗತಿಯಲ್ಲಿ ಉಳಿದವರೆಲ್ಲ ಹದಿನೆಂಟು, ಹತ್ತೊಂಬತ್ತರವರು.

ಫಲಿತಾಂಶ ಬಂದ ದಿನ ವರದಮ್ಮ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ.

"ಇನ್ನೊಂದ್ಸಲ ಬರಿ. ಪಾಸಾದ್ರೆ ಸಿಸ್ಟರ್ ಕೆಲ್ಸ ನಿಂದೇ, ಅಲ್ಲಿವರೆಗೆ ಯಾರನ್ನೂ ತಗಳಲ್ಲ. ಆಗ್ಲಿಲ್ಲ ಅಂದ್ರೆ ನಿನ್ ನೀಲಿ ಸೀರೆ ಇಲ್ಲೇ ಇದೆ."

ಹೇಳಿದ್ದರಲ್ಲಿ ಬೈಗುಳ ಇರಲಿಲ್ಲ. ಆದರೂ ತನ್ನ ಜೊತೆ ಓದಿದ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಓಡಾಡುವ ವಾರ್ಡಿನಲ್ಲಿ ಬಕೆಟ್ ಹಿಡಿದು ನಿಲ್ಲುವ ತನ್ನನ್ನು ಶಿಲ್ಪಶ್ರೀ ಅಂದಿನಿಂದ ಮನಸ್ಸಿನಲ್ಲಿ ಪದೇಪದೇ ಕಾಣತೊಡಗಿದಳು. ಮೂರನೆಯ ಸಲ ಬರೆಯುವುದಿಲ್ಲ ಎಂದು ಗಂಡನಿಗೆ ಹೇಳಿಬಿಟ್ಟಳು. ಪರೀಕ್ಷೆ ದಾಟಿದರೆ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಣಿ, ನೋಂದಣಿ ಸಂಖ್ಯೆ ಬಂದರೆ ನರ್ಸ್. ಇಲ್ಲವಾದರೆ ನಾಲ್ಕು ವರ್ಷದ ಹಿಂದೆ ಏನಾಗಿದ್ದಳೋ ಅದೇ.

ಗಂಡ ಕಾಂತರಾಜ್ ಮೊದಲು ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿನಲ್ಲಿ ವಾಹನಗಳನ್ನು ಒತ್ತೊತ್ತಾಗಿ ನಿಲ್ಲಿಸುವ ಕೆಲಸದಲ್ಲಿದ್ದ. ಸೇತುವೆ ಆದ ಮೇಲೆ ಸಾಗರದಲ್ಲಿ ಆಟೋ ಓಡಿಸುತ್ತಾನೆ. ಮಧ್ಯಾಹ್ನ ಊಟಕ್ಕೆ ಬಂದಾಗ ಅವಳ ಪ್ರಶ್ನೆಪುಸ್ತಕವನ್ನು ಬಿಡಿಸಿಕೊಂಡು, ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಕೂಡಿಸಿ, ಲಾಂಚಿಗೆ ಕಾರು ಹತ್ತಿಸುವಾಗಿನ ಅದೇ ದೊಡ್ಡ ದನಿಯಲ್ಲಿ ಓದುತ್ತಿದ್ದ. ರೋಗಿ ಹಾಸಿಗೆಯಿಂದ ಬಿದ್ದಿದ್ದಾನೆ, ನರ್ಸ್ ಮೊದಲು ಏನು ಮಾಡಬೇಕು? ವೈದ್ಯರಿಗೆ ತಿಳಿಸಬೇಕು, ರೋಗಿಯನ್ನು ಪರೀಕ್ಷಿಸಬೇಕು, ಎತ್ತಿ ಮಲಗಿಸಬೇಕು, ದಾಖಲೆ ಬರೆಯಬೇಕು. ನಾಲ್ಕೂ ಮಾಡಲೇಬೇಕಾದವು. ಯಾವುದು ಮೊದಲು ಎಂಬುದೇ ಪ್ರಶ್ನೆ. ಒಂದೊಂದು ಉತ್ತರ ಕೇಳಿದಾಗಲೂ ಶಿಲ್ಪಶ್ರೀಗೆ ಒಬ್ಬೊಬ್ಬರು ಬೈದದ್ದು ನೆನಪಾಗುತ್ತಿತ್ತು. ಕರೆಯದೆ ರೋಗಿಯನ್ನು ಮುಟ್ಟಿದ್ದಕ್ಕೆ ಒಬ್ಬ ಸಿಸ್ಟರ್ ಬೈದಿದ್ದರು, ಮುಟ್ಟದೆ ಕರೆಯಲು ಓಡಿದ್ದಕ್ಕೆ ಇನ್ನೊಬ್ಬರು. ಕಾಂತರಾಜನಿಗೆ ಅನುಮಾನವೇ ಇರಲಿಲ್ಲ.

"ಮೊದ್ಲು ಎತ್ತು ಮಾರಾಯ್ತಿ. ನೆಲದ್ ಮೇಲೆ ಬಿಟ್ಕಂಡು ಎಂಥ ಪರೀಕ್ಷೆ ಮಾಡ್ತೀಯ?"

ಪರೀಕ್ಷಿಸುವುದೇ ಸರಿಯುತ್ತರ ಎಂದು ಪುಸ್ತಕದ ಕೊನೆಯ ಪುಟದಲ್ಲಿತ್ತು. ಅವನು ಆ ಪುಸ್ತಕದ ಮೇಲೆ ಒಂದಿಡೀ ದಿನ ಸಿಟ್ಟಾಗಿದ್ದ.

ಇದರ ನಡುವೆ ತರಗತಿಯವರ ಮೊಬೈಲ್ ಗುಂಪಿನಲ್ಲಿ ಇನ್ನೊಂದು ಸುದ್ದಿ. ದೇಶಕ್ಕೆಲ್ಲ ಒಂದೇ ಎಕ್ಸಿಟ್ ಪರೀಕ್ಷೆ ಬರುತ್ತದಂತೆ, ಅದು ಪಾಸಾದರಷ್ಟೇ ನೋಂದಣಿಯಂತೆ. ಈ ಬ್ಯಾಚಿಗೇ ಅಂತೆ. ಇಲ್ಲ, ಮುಂದಿನವರಿಗಂತೆ. ಮರುಪರೀಕ್ಷೆಯವರು ಯಾವ ಬ್ಯಾಚು ಎಂದು ಅವಳು ಕೇಳಿದ್ದಕ್ಕೆ ಹನ್ನೆರಡು ಜನ ಹೆಬ್ಬೆರಳಿನ ಗುರುತು ಹಾಕಿದರು, ಉತ್ತರ ಯಾರೂ ಬರೆಯಲಿಲ್ಲ. ಶಾಲೆಯ ಕಚೇರಿಯಲ್ಲಿ ಕೇಳಿದರೆ, ಹಳೆಯ ಪರೀಕ್ಷೆ ಮೊದಲು ಪಾಸಾಗಮ್ಮ, ಹೊಸದರ ಚಿಂತೆ ಆಮೇಲೆ ಎಂದರು. ಅದೊಂದು ಮಾತು ಮಾತ್ರ ಅವಳಿಗೆ ಅರ್ಥವಾಯಿತು.

ಅಡ್ಡಿಲ್ಲದ ಪ್ರಶ್ನೆ ಹಾಗೇ ಉಳಿದಿತ್ತು. ಮುಖ ನೋಡಬೇಕಿತ್ತು ಎಂದು ಒಬ್ಬ ಉಪನ್ಯಾಸಕಿ ಹೇಳಿದ್ದರು. ನಿನ್ನ ಊಹೆ ಬರೆದರೆ ಅಂಕ ಹೋಗುತ್ತದೆ ಎಂದು ಮತ್ತೊಬ್ಬರು. ಮೊದಲ ಸಲಕ್ಕೇ ಪಾಸಾಗಿದ್ದ ಬಿಂದುಶ್ರೀ, ಹೊಸನಗರದ ಹುಡುಗಿ, ಶಿಲ್ಪಶ್ರೀಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಸುಲಭದ ದಾರಿ ತೋರಿಸಿದಳು. ಅಕ್ಕ, ಯಾರು ಏನೇ ಹೇಳಲಿ ನಾಲ್ಕು ಹಾಕು, ನಾಲ್ಕಕ್ಕೆ ಯಾರೂ ಏನೂ ಕೇಳುವುದಿಲ್ಲ.

ಮರುಪರೀಕ್ಷೆಯ ಪಾಠಗಳಿಗೆಂದು ವಾರಕ್ಕೆರಡು ದಿನ ಅವಳು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಕಿವಿ ತೆರೆದುಕೊಂಡು ಕುಳಿತರೆ ಆ ಮಾತು ಎಲ್ಲ ಸೀಟಿನಿಂದಲೂ ಕೇಳುತ್ತಿತ್ತು. ಜ್ವರ ಬಿಟ್ಟಿತಾ ಅಂದರೆ ಅಡ್ಡಿಲ್ಲ. ಮಗಳ ಗಂಡ ಹೇಗೆ ಅಂದರೆ, ಸ್ವಲ್ಪ ತಡೆದು, ಅಡ್ಡಿಲ್ಲ. ಹೊಸನಗರದ ನಿಲ್ದಾಣದಲ್ಲಿ ಚಹಾ ಕುಡಿದು ಲೋಟ ಕೆಳಗಿಟ್ಟವನೊಬ್ಬ ಬಹಳ ತೃಪ್ತಿಯಿಂದ ಅಡ್ಡಿಲ್ಲ ಎಂದ. ಅವಳು ನೋಟ್‌ಬುಕ್ಕಿನ ಹಿಂದೆ ಒಂದೊಂದಕ್ಕೂ ಸಂಖ್ಯೆ ಕೊಟ್ಟು ನೋಡಿದಳು. ಚಹಾಕ್ಕೆ ಏಳು, ಅಳಿಯನಿಗೆ ಮೂರು. ಜ್ವರಕ್ಕೆ ಬರೆಯುವ ಹೊತ್ತಿಗೆ ಪೆನ್ನು ನಿಂತಿತು. ಚಹಾಕ್ಕೆ ಅಂಕ ಹೆಚ್ಚಿದಷ್ಟೂ ಒಳ್ಳೆಯದು, ನೋವಿಗೆ ಹೆಚ್ಚಿದಷ್ಟೂ ಕೆಟ್ಟದ್ದು. ಒಂದೇ ಪುಟದಲ್ಲಿ ಎರಡು ದಿಕ್ಕಿಗೆ ಏರುವ ಸಂಖ್ಯೆಗಳನ್ನು ನೋಡಿ ಆ ಹಾಳೆಯನ್ನು ಹರಿದು ಕಿಟಕಿಯಿಂದ ಬಿಟ್ಟಳು. ಹಿಂದಿನ ಸೀಟಿನ ಹೆಂಗಸು, ಕಾಗದ ಬಿತ್ತು ಕಣೇ ಎಂದು ಕೂಗಿ ಹೇಳಿದಳು.

ಪರೀಕ್ಷೆಯ ದಿನ ಅವಳಿಗೆ ಸಿಕ್ಕಿದ ರೋಗಿ ಕೆರಿಯಪ್ಪ. ಅರವತ್ತು ದಾಟಿದ, ಮನೆ ಕಟ್ಟುವ ಕೆಂಪು ಚಿರೇಕಲ್ಲು ಕಡಿಯುವ ಮನುಷ್ಯ. ಪಿತ್ತಕೋಶದ ಕಲ್ಲಿಗೆ ಹೊಟ್ಟೆ ಕೊಯ್ದು ಎರಡು ದಿನವಾಗಿತ್ತು. ಕಲ್ಲು ಒಡೆಯುವವನ ಹೊಟ್ಟೆಯೊಳಗೂ ಕಲ್ಲು ಎಂದು ವಾರ್ಡಿಗೆಲ್ಲ ಹೇಳಿ ನಗಿಸಿದ್ದನಂತೆ. ಪರೀಕ್ಷಕಿ ರಾಯಚೂರಿನ ಕಡೆಯವರು, ತೆಳ್ಳಗಿನ ಹೆಂಗಸು, ಮಂಚದ ಕಾಲ ಬಳಿ ರಟ್ಟಿನ ಹಲಗೆ ಹಿಡಿದು ನಿಂತಿದ್ದರು. ಹದಿನೈದು ನಿಮಿಷ ಕಾಲಾವಕಾಶ. ನಾಡಿ, ಉಸಿರು, ನೋವು, ಗಾಯ, ಕೊನೆಗೆ ಡ್ರಿಪ್ಪಿನ ಲೆಕ್ಕ.

ನಾಡಿ ನೋಡಿದಳು, ಉಸಿರು ಎಣಿಸಿದಳು. ನೋವು ಹೇಗಿದೆ ಎಂದು ಕೇಳಿದಳು.

"ಅಡ್ಡಿಲ್ಲ."

ಈ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸೊನ್ನೆ ಎಂದರೆ ಇಷ್ಟು, ಹತ್ತು ಎಂದರೆ ಇಷ್ಟು ಎಂದು ನಿಧಾನವಾಗಿ ವಿವರಿಸಿ, ಹತ್ತಕ್ಕೆ ಎಷ್ಟು ಹೇಳುತ್ತೀರಿ ಎಂದಳು. ಕೆರಿಯಪ್ಪ ಪರೀಕ್ಷಕಿಯ ಹಲಗೆಯನ್ನು ನೋಡಿದ. ಅವಳ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿದ.

"ಹತ್ತಕ್ಕೆ ಹತ್ತು ಬರ್ಕ ಮಾರಾಯ್ತಿ. ಪಾಪ, ಪಾಸಾಗು."

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬರಲಿಲ್ಲ. ಇದೀಗ ರೋಗಿಯ ಬಾಯಿಂದಲೇ ಒಂದು ಸಂಖ್ಯೆ ಬಂದಿದೆ, ಪುಸ್ತಕ ಕೇಳುವುದು ಅದನ್ನೇ. ಹತ್ತು ಎಂದು ಬರೆದರೆ ಈ ಕ್ಷಣವೇ ವೈದ್ಯರನ್ನು ಕರೆಯಬೇಕು. ಬರೆಯದಿದ್ದರೆ ರೋಗಿ ಹೇಳಿದ್ದನ್ನು ನಂಬಲಿಲ್ಲ ಎಂದಾಗುತ್ತದೆ. ಅಡ್ಡಿಲ್ಲ ಎಂಬುದನ್ನು ನಂಬಿ ಒಮ್ಮೆ ಬಿದ್ದಾಗಿದೆ. ನಾಲ್ಕು ಹಾಕಲೇ ಎಂದೂ ಅನ್ನಿಸಿತು. ಚೌಕ ಖಾಲಿಯಾಗಿತ್ತು.

ಆಗ ಕೆರಿಯಪ್ಪನ ಗಂಟಲಿನಲ್ಲಿ ಒಂದು ಗುರುಗುಟ್ಟುವ ಸದ್ದು ಬಂದು ತಟ್ಟನೆ ನಿಂತಿತು. ಅವನು ಕಣ್ಣು ಮುಚ್ಚಿ ಏನನ್ನೋ ನುಂಗಿದ. ಹನ್ನೊಂದು ವರ್ಷ ವಾರ್ಡಿನ ನೆಲ ಒರೆಸಿದವಳಿಗೆ ಆ ನುಂಗುವಿಕೆ ಗೊತ್ತಿತ್ತು, ಹೊಲಿಗೆ ನೋಯುತ್ತದೆಂದು ಕೆಮ್ಮನ್ನು ಒಳಗೇ ತಡೆಯುವವರದು.

"ಕೊಯ್ದ ಮೇಲೆ ಕೆಮ್ಮಿದ್ರಾ?"

"ಎಂಥ ಕೆಮ್ಮದು. ಬಂದ್ರೆ ನುಂಗ್ತೀನಿ."

ಅವಳು ಪೆನ್ನು ಜೇಬಿಗೆ ಹಾಕಿದಳು. ದಿಂಬನ್ನು ಮಡಿಸಿ ಹೊಲಿಗೆಯ ಮೇಲಿಟ್ಟು, ಅವನ ಎರಡೂ ಕೈಗಳನ್ನು ಅದರ ಮೇಲೆ ತಂದು, ತನ್ನ ಅಂಗೈಯನ್ನು ಮೇಲಿಂದ ಒತ್ತಿ ಹಿಡಿದಳು. ಕಫ ಒಳಗೇ ಉಳಿಯಬಾರದು, ಉಸಿರು ಎಳೆದುಕೊಂಡು ಕೆಮ್ಮಿ ಎಂದಳು. ಮೊದಲ ಸಲ ಅವನು ಸುಮ್ಮನೆ ಗಂಟಲು ಕೆರೆದ. ಎರಡನೆಯ ಸಲ ನಿಜವಾದ ಕೆಮ್ಮು ಬಂತು, ಕಲ್ಲಿನ ಧೂಳು ಕುಡಿದ ಎದೆಯ ಕೆಮ್ಮು. ಕಫ ಬಂತು. ಕಣ್ಣೀರು ಕೆನ್ನೆಯ ಪಕ್ಕದಿಂದ ಕಿವಿಯೊಳಗೆ ಇಳಿಯಿತು. ಅವಳು ಒರೆಸಿದಳು. ಎಷ್ಟು ನಿಮಿಷ ಹೋಯಿತೆಂದು ನೋಡಲಿಲ್ಲ.

"ಹತ್ತು ಅಂದ್ರೆ ಎಷ್ಟ್ ಜನ ಸೇರಿದ್ರೂ ಎತ್ತಾಕೇ ಆಗ್ದೇ ಇರೋ ಕಲ್ಲು ಅಂತ ತಿಳ್ಕಳಿ. ಈಗ ಕೆಮ್ಮಿದ್ರಲ್ಲ, ಅದೆಷ್ಟು?"

ಕೆರಿಯಪ್ಪ ಮೊದಲ ಬಾರಿಗೆ ಆ ಪ್ರಶ್ನೆಯನ್ನು ಪ್ರಶ್ನೆಯಾಗಿ ತೆಗೆದುಕೊಂಡು ಯೋಚಿಸಿದ.

"ಎಂಟು. ಇಬ್ರು ಬೇಕು."

ಸುಮ್ಮನೆ ಮಲಗಿದ್ದರೆ ಎಷ್ಟು ಎಂದು ಕೇಳಿದ್ದಕ್ಕೆ ಮೂರು ಎಂದ. ಚೌಕ ಒಂದೇ ಇತ್ತು. ಅವಳು ಅದರೊಳಗೆ ಎರಡನ್ನೂ ಇರುಕಿಸಿ, ಒಂದಕ್ಕೆ ಮಲಗಿದಾಗ, ಇನ್ನೊಂದಕ್ಕೆ ಕೆಮ್ಮಿದಾಗ ಎಂದು ಪಕ್ಕದಲ್ಲಿ ಬರೆದಳು. ಗಾಯ ನೋಡುವಷ್ಟರಲ್ಲಿ ಗಂಟೆ ಹೊಡೆಯಿತು. ಡ್ರಿಪ್ಪಿನ ಲೆಕ್ಕ ಬರೆಯಲೇ ಇಲ್ಲ.

ಪರೀಕ್ಷಕಿ ಹಾಳೆಯನ್ನು ತೆಗೆದುಕೊಂಡು ಆ ಕಿಕ್ಕಿರಿದ ಚೌಕವನ್ನು ಬಹಳ ಹೊತ್ತು ನೋಡಿದರು. ಆಮೇಲೆ ರೋಗಿಯತ್ತ ಬಾಗಿ, ಅಜ್ಜಾ, ನೋವು ಐತೇನು ಎಂದು ತಾವೇ ಕೇಳಿದರು. ಕೆರಿಯಪ್ಪ ವಿನಯದಿಂದ, ಅಡ್ಡಿಲ್ಲ ಅಮ್ಮ ಎಂದ. ಅವರು ಶಿಲ್ಪಶ್ರೀಯ ಕಡೆ ತಿರುಗಿದರು.

"ಎಂಟು ಅಂತ ಬರದೀರಿ. ಅಂವಾ ಅಡ್ಡಿಲ್ಲ ಅಂತಾನ. ಅಡ್ಡಿಲ್ಲ ಅಂದ್ರ ಏನ್ರೀ ನಿಮ್ಮ ಕಡಿ?"

ಆರು ತಿಂಗಳು ಅವಳು ಓಡಾಡಿದ್ದು ಈ ಒಂದು ಪ್ರಶ್ನೆಯ ಹಿಂದೆ. ಬಸ್ಸಿನವರ, ಬಿಂದುಶ್ರೀಯ, ಉಪನ್ಯಾಸಕಿಯರ ಮಾತೆಲ್ಲ ಒಟ್ಟಿಗೆ ನೆನಪಾಯಿತು.

"ಗೊತ್ತಿಲ್ಲ ಮೇಡಂ. ಅದ್ಕೇ ಕೆಮ್ಮಿಸ್ದೆ."

ಪರೀಕ್ಷಕಿ ಏನೋ ಬರೆದುಕೊಂಡರು. ಹಲಗೆಯನ್ನು ಎದೆಗೆ ಒತ್ತಿಕೊಂಡಿದ್ದರಿಂದ ಏನೆಂದು ಕಾಣಲಿಲ್ಲ.

ಆರು ವಾರಕ್ಕೆ ಫಲಿತಾಂಶ ಬಂತು. ಕಾಂತರಾಜ್ ಆಟೋ ನಿಲ್ದಾಣದಲ್ಲಿ ಮೊಬೈಲು ತೆರೆದು, ಅವಳ ಹೆಸರಿನ ಮುಂದೆ ಇಂಗ್ಲಿಷಿನ ಪಿ ಅಕ್ಷರ ಇರುವುದನ್ನು ಕಂಡು, ಅದು ಪಾಸೋ ಪ್ರೆಸೆಂಟೋ ತಿಳಿಯದೆ ಆಟೋವನ್ನೇ ಮನೆಗೆ ಓಡಿಸಿಕೊಂಡು ಬಂದ. ಅವಳಿಗೂ ಖಚಿತವಾಗಲಿಲ್ಲ. ಇಬ್ಬರೂ ಅಂಗಳದಲ್ಲಿ ನಿಂತು ಬಿಂದುಶ್ರೀಗೆ ಫೋನ್ ಮಾಡಿದರು. ಹಾಜರಿಗೆ ಯಾರಕ್ಕ ಫಲಿತಾಂಶ ಕೊಡ್ತಾರೆ, ಪಾಸಾಗಿದ್ದೀಯ ಎಂದು ಅವಳು ನಕ್ಕಳು. ಪ್ರಾಯೋಗಿಕಕ್ಕೆ ನೂರಕ್ಕೆ ಐವತ್ತು. ಪಾಸಾಗಲು ಬೇಕಾದದ್ದೂ ಅಷ್ಟೇ. ಒಂಟಿ ಚೌಕದ ಎರಡು ಸಂಖ್ಯೆಗೆ ಅಂಕ ಬಂತೋ, ಕೆಮ್ಮಿಗೆ ಬಂತೋ, ಗೊತ್ತಿಲ್ಲ ಎಂದದ್ದಕ್ಕೆ ಬಂತೋ ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಸೋಮವಾರ ಏಳಕ್ಕೇ ಬಾ ಎಂದರು ವರದಮ್ಮ. ನೋಂದಣಿ ಸಂಖ್ಯೆ ಬರುವವರೆಗೆ ಸೂಜಿ ಮುಟ್ಟುವ ಹಾಗಿಲ್ಲ, ಔಷಧಿ ಕೊಡುವ ಹಾಗಿಲ್ಲ, ತಮ್ಮ ಬೆನ್ನ ಹಿಂದೆಯೇ ಇರಬೇಕು. ಬಿಳಿ ಕೋಟು ಕೊಟ್ಟರು. ಕೋಟಿನ ಮೇಲೆ ಹೆಸರಿನ ಪಟ್ಟಿ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿನ ಕೆಳಗೆ ಏನು ಬರೆಸಬೇಕೆಂದು ವರದಮ್ಮನಿಗೂ ಸದ್ಯಕ್ಕೆ ಹೊಳೆದಿರಲಿಲ್ಲ.

ಒಂಬತ್ತು ಗಂಟೆಯ ಹೊತ್ತಿಗೆ ಆರನೆಯ ಹಾಸಿಗೆಯಿಂದ ಯಾರೋ, ಆಯಾ ಎಂದು ಕರೆದರು. ಬಾಗಿಲ ಬಳಿಯಿಂದ ಹೊಸ ಆಯಾ ಎದ್ದಳು. ಶಿಲ್ಪಶ್ರೀಯೂ ಎದ್ದು ಆಗಲೇ ಎರಡು ಹೆಜ್ಜೆ ಹಾಕಿಯಾಗಿತ್ತು. ಹಿಂದಕ್ಕೆ ಹೋಗುವುದೋ ಮುಂದಕ್ಕೋ ತಿಳಿಯದೆ ಅವಳು ವರದಮ್ಮನ ಕಡೆ ನೋಡಿದಳು. ವರದಮ್ಮ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಹೊಸ ಆಯಾ ಮಂಚದ ಈ ಬದಿಯಲ್ಲಿ ಬೆಡ್‌ಪ್ಯಾನ್ ಹಿಡಿದು ಕಾಯುತ್ತಿದ್ದಳು. ಶಿಲ್ಪಶ್ರೀ ಮಂಚದ ಆ ಬದಿಗೆ ಹೋಗಿ, ರೋಗಿಯ ಸೊಂಟದ ಕೆಳಗೆ ಕೈ ಕೊಟ್ಟು ಎತ್ತಿದಳು.